ಗೃಹನಿರ್ಮಿತ ವಿಮಾನಗಳಲ್ಲಿ ತೈಲ ಶೀತಕದ ಗಾಳಿಯ ಮಾರ್ಗ: ಒಂದು ಚಾರಿತ್ರಿಕ ವಿವೇಚನೆ

ವಿಮಾನದ ಚರಿತ್ರೆಯನ್ನು ಅಭ್ಯಾಸ ಮಾಡುವವರ ಗಮನ ಸಹಜವಾಗಿ ರೆಕ್ಕೆಯ ಆಕಾರದ ಮೇಲೂ ಯಂತ್ರದ ಬಲದ ಮೇಲೂ ನೆಲೆಸುತ್ತದೆ. ಆ ಯಂತ್ರದಲ್ಲಿ ಹುಟ್ಟಿದ ಕಾವು ಯಾವ ದಾರಿಯಿಂದ ಹೊರಬಿದ್ದಿತೆಂಬುದು ಅಷ್ಟಾಗಿ ವಿಚಾರಕ್ಕೆ ಬರುವುದಿಲ್ಲ. ಆದರೆ ಮಿತಿಮೀರಿ ಕಾದ ತೈಲ ತೆಳುವಾಗುತ್ತದೆ. ತೆಳುವಾದ ತೈಲ ಬೇರಿಂಗುಗಳನ್ನು ಕಾಪಾಡಲಾರದು. ಯಂತ್ರ ಆಕಾಶದಲ್ಲಿ ನಿಂತರೆ ಚಾಲಕನ ಪ್ರಾಣಕ್ಕೇ ಸಂಚಕಾರ. ತನ್ನ ವಿಮಾನವನ್ನು ತಾನೇ ಕಟ್ಟಿಕೊಂಡವನು ತೈಲ ಕಾಯುವುದನ್ನು ಕಂಡೊಡನೆ ಗಾಳಿಯ ಬಾಯಿಯನ್ನು ದೊಡ್ಡದು ಮಾಡಲು ಯೋಚಿಸುವುದು ಸ್ವಾಭಾವಿಕ. ಚರಿತ್ರೆಯ ಸಾಕ್ಷ್ಯ ಇದಕ್ಕೆ ಅನುಕೂಲವಾಗಿಲ್ಲವೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲೆಳಸುತ್ತೇವೆ.

1920ರ ದಶಕದ ಗಾಳಿ ತಂಪಿನ ಯಂತ್ರಗಳು ಬಹುಪಾಲು ಬಯಲಿಗೆ ಒಡ್ಡಿಕೊಂಡಿದ್ದುವು. ಅಮೆರಿಕದ ಲ್ಯಾಂಗ್ಲಿ ಪ್ರಯೋಗಶಾಲೆಯಲ್ಲಿ ಫ್ರೆಡ್ ವೀಕ್ ಮತ್ತು ಅವರ ಸಂಗಡಿಗರು 1927ರಿಂದ ದೊಡ್ಡ ಗಾಳಿಸುರಂಗವೊಂದರಲ್ಲಿ ಇಡೀ ಯಂತ್ರಕ್ಕೆ ಮುಸುಕು ತೊಡಿಸಿ ಪರೀಕ್ಷಿಸಿದರು. ಮುಚ್ಚಿದರೆ ಯಂತ್ರ ಕಾಯುವುದೆಂಬ ಶಂಕೆ ಇದ್ದಿತು. ಒಳಗೆ ಬಂದ ಗಾಳಿಯನ್ನು ಕಾದ ಭಾಗಗಳ ಮೇಲೆಯೇ ಹಾಯಿಸಿದಾಗ ಆ ಶಂಕೆ ನೀಗಿತು. ಕರ್ಟಿಸ್ ವಿಮಾನವೊಂದರ ವೇಗ ಗಂಟೆಗೆ 118 ಮೈಲಿಯಿಂದ 137 ಮೈಲಿಗೆ ಏರಿತು. ಗಾಳಿಯ ಪ್ರಮಾಣಕ್ಕಿಂತ ಅದರ ನಡೆ ಮುಖ್ಯವೆಂಬುದು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ವ್ಯಕ್ತವಾಯಿತೆನ್ನಬಹುದು.

ಎರಡನೆಯ ಘಟ್ಟ ಇಂಗ್ಲೆಂಡಿನದು. ಫಾರ್ನ್‌ಬರೋದಲ್ಲಿದ್ದ ಮೆರಿಡಿತ್ ಅವರು 1935ರಲ್ಲಿ ಶೀತಕದ ನಾಳವನ್ನು ಕುರಿತು ಸಿದ್ಧಾಂತವೊಂದನ್ನು ಮಂಡಿಸಿದರು. ಕಿರಿದಾದ ಬಾಯಿಂದ ಹೊಕ್ಕ ಗಾಳಿ ಕ್ರಮವಾಗಿ ಹಿಗ್ಗುವ ನಾಳದಲ್ಲಿ ನಿಧಾನವಾಗಿ ಒತ್ತಡವನ್ನು ಪಡೆಯುತ್ತದೆ; ಶೀತಕದ ಕಾವನ್ನು ಹೀರಿ, ಕಿರಿದಾಗುವ ದ್ವಾರದಿಂದ ವೇಗವಾಗಿ ಹೊರಬೀಳುತ್ತದೆ. ಹೀಗಾದಲ್ಲಿ ತಂಪು ಮಾಡುವುದಕ್ಕೆ ತೆರಬೇಕಾದ ಗಾಳಿಯ ತಡೆಯ ಬಹುಭಾಗ ಹಿಂದಿರುಗುತ್ತದೆ. 1940ರಲ್ಲಿ ಮೊದಲು ಹಾರಿದ ಮಸ್ಟಾಂಗ್ ವಿಮಾನ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರ ತೈಲ ಶೀತಕಕ್ಕೂ ಒಡಲಡಿಯ ಅದೇ ಬಾಯಿಂದ ಗಾಳಿ ಒದಗುತ್ತಿದ್ದಿತು. ಮೈಗಂಟಿ ಮಂದವಾಗಿ ಹರಿಯುವ ಗಾಳಿ ಒಳಹೋಗದಂತೆ, ಮುಂದಿನ ಮಾದರಿಗಳಲ್ಲಿ ಬಾಯಿಯ ಮೇಲಂಚನ್ನು ಒಡಲಿನಿಂದ ತುಸು ಕೆಳಗಿಳಿಸಲಾಯಿತು.

1945ರಲ್ಲಿ ಏಮ್ಸ್ ಪ್ರಯೋಗಶಾಲೆ ಮೈಯೊಳಗೇ ತಗ್ಗಿದ ಗಾಳಿಬಾಯಿಯೊಂದರ ವರದಿಯನ್ನು ಪ್ರಕಟಿಸಿತು. ಗೃಹನಿರ್ಮಾಪಕರಲ್ಲಿ ಇದು ಬಹು ಜನಪ್ರಿಯವಾಗಿದೆ. ಆದರೆ ಮಂದಪದರ ತೆಳುವಾಗಿರುವೆಡೆಯಲ್ಲಿ ಮಾತ್ರ ಅದು ಚೆನ್ನಾಗಿ ಕೆಲಸ ಮಾಡಬಲ್ಲುದು. ಸ್ಥಳವನ್ನು ವಿಚಾರಿಸದೆ ಆಕಾರವನ್ನಷ್ಟೇ ಅನುಕರಿಸಿದವರಿಗೆ ಫಲ ದೊರೆಯದು.

1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿಯವರು ಪ್ರಾಯೋಗಿಕ ವಿಮಾನ ಸಂಘವನ್ನು ಸ್ಥಾಪಿಸಿದ ಬಳಿಕ ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸಕ್ಕೆ ಸಂಘಟಿತ ರೂಪ ಬಂದಿತು. ಈ ವಿಮಾನಗಳಲ್ಲಿ ತೈಲ ಶೀತಕವನ್ನು ಅನೇಕ ವೇಳೆ ಹಿಂಬದಿಯ ಸಿಲಿಂಡರಿನ ಬೆನ್ನಿಗಿರುವ ತಗಡಿನ ತಡೆಗೆ ಜೋಡಿಸುತ್ತಾರೆ. ಯಂತ್ರದ ಮೇಲೆ ಒತ್ತಡ ಹೆಚ್ಚು, ಕೆಳಗೆ ಕಡಿಮೆ. ಈ ವ್ಯತ್ಯಾಸವೇ ಗಾಳಿಯನ್ನು ಶೀತಕದ ಮೂಲಕ ನೂಕುತ್ತದೆ. ಸಮುದ್ರಮಟ್ಟದಲ್ಲಿ ಗಂಟೆಗೆ 150 ಮೈಲಿ ವೇಗದಲ್ಲಿ ಎದುರುಗಾಳಿಯಿಂದ ದೊರೆಯಬಹುದಾದ ಒತ್ತಡ ಸುಮಾರು 28 ಸೆಂಟಿಮೀಟರು ನೀರಿನ ಕಂಬದಷ್ಟು. ಮೇಲೇರುವಾಗ 100 ಮೈಲಿಗಿಳಿದರೆ ಅದು 12 ಸೆಂಟಿಮೀಟರಿನ ಆಸುಪಾಸು. ಯಂತ್ರ ಪೂರ್ಣಬಲದಿಂದ ದುಡಿಯುವ ವೇಳೆಯೂ ಅದೇ. ಇಂತಹ ಅಲ್ಪ ಬಂಡವಾಳವನ್ನು ತಗಡಿನ ಸಂದುಗಳಲ್ಲಿ ಸೋರಗೊಟ್ಟರೆ ಶೀತಕಕ್ಕೆ ಉಳಿಯುವುದೇನು?

ಆದುದರಿಂದ ಸಂದುಗಳನ್ನು ಮುಚ್ಚುವುದು, ಶೀತಕದ ಮುಂದಿನ ನಾಳವನ್ನು ಥಟ್ಟನೆ ಅಗಲಿಸದೆ ಮೆಲ್ಲಗೆ ಹಿಗ್ಗಿಸುವುದು, ಕಾದ ಗಾಳಿಗೆ ನಿರಾತಂಕವಾದ ನಿರ್ಗಮನವನ್ನು ಒದಗಿಸುವುದು, ಇವೇ ಸರಿಯಾದ ಕ್ರಮಗಳು. ಹೊರಹೋಗಲು ದಾರಿಯಿಲ್ಲದೆಡೆ ಬಾಯಿಯನ್ನೆಷ್ಟು ಅಗಲಿಸಿದರೂ ಗಾಳಿ ಮುಂಬದಿಯಲ್ಲೇ ಚೆಲ್ಲಿಹೋಗಿ ತಡೆಯನ್ನು ಹೆಚ್ಚಿಸುತ್ತದೆ.

ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಸರಕಾರಿ ಪ್ರಯೋಗಶಾಲೆಗಳು ಸಾರ್ವಜನಿಕರ ಹಣದಿಂದ ಸಾಧಿಸಿದ ಜ್ಞಾನ ವರದಿಗಳ ಮೂಲಕ ಸಾಮಾನ್ಯ ಕುಶಲಿಗನ ಕೊಟ್ಟಿಗೆಯನ್ನು ಮುಟ್ಟಿದೆ. ಯುದ್ಧವಿಮಾನಗಳ ಕಥೆಯಷ್ಟೇ ಈ ಜ್ಞಾನಸಂಚಾರದ ಕಥೆಯೂ ಸಂಶೋಧನೆಗೆ ಅರ್ಹವೆಂದು ನಾವು ಭಾವಿಸುತ್ತೇವೆ.