ಮೆಟ್ಟಿಲಲ್ಲದ ದಾರಿ: ಧಾರವಾಡ ಸೀಮೆಯ ಇಬ್ಬರು ಗಾಯಕರ ಮೂಲಕ ಸಂಗೀತಾಭಿರುಚಿಯ ಪಲ್ಲಟ

ಸಂಗೀತಾಭಿರುಚಿಯ ಬೆಳವಣಿಗೆಯನ್ನು ನಾವು ಮೆಟ್ಟಿಲುಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಕೇಳುಗ ನಾಟಕದ ಹಾಡಿನಿಂದ ಭಾವಗೀತೆಗೆ, ಅಲ್ಲಿಂದ ಠುಮರಿಗೆ, ಕೊನೆಗೆ ಖ್ಯಾಲಿಗೆ ಏರುತ್ತಾನೆ. ಏರಿದ ಮೇಲೆ ಕೆಳಗಿನ ಮೆಟ್ಟಿಲು ಅವನಿಗೆ ಬೇಡವಾಗುತ್ತದೆ. ಈ ಗ್ರಹಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಮಲ್ಲಿಕಾರ್ಜುನ ಮನಸೂರ (1910–1992) ಮತ್ತು ಗಂಗೂಬಾಯಿ ಹಾನಗಲ್ (1913–2009) ಅವರ ಬದುಕನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಗಾಯಕರನ್ನೇ ಆರಿಸಿದ್ದಕ್ಕೆ ಕಾರಣವಿದೆ. ಸಾಮಾನ್ಯ ಕೇಳುಗನ ರುಚಿ ಅವನೊಂದಿಗೇ ಹೋಗಿಬಿಡುತ್ತದೆ. ಗಾಯಕನ ರುಚಿಯಾದರೋ ಅವನು ಅರಸಿಹೋದ ಗುರು, ಹಿಡಿದ ರಾಗ, ಕೈಬಿಟ್ಟ ಪ್ರಕಾರಗಳಲ್ಲಿ ಗುರುತು ಉಳಿಸುತ್ತದೆ.

ಎರಡು ವಿವರಣೆಗಳು

ರುಚಿ ಏಕೆ ಬದಲಾಗುತ್ತದೆ ಎಂಬುದಕ್ಕೆ ಮನೋವಿಜ್ಞಾನದಲ್ಲಿ ಡೇನಿಯಲ್ ಬರ್ಲಿನ್ ಅವರ ವಿವರಣೆ ಪ್ರಸಿದ್ಧ. 1971ರ ತಮ್ಮ ಗ್ರಂಥದಲ್ಲಿ ಅವರು ಮಂಡಿಸಿದ ವಾದದ ಸಾರವಿಷ್ಟು: ತೀರ ಸರಳವಾದದ್ದು ಬೇಸರ ತರುತ್ತದೆ, ತೀರ ಜಟಿಲವಾದದ್ದು ಹಿಂಸೆಯಾಗುತ್ತದೆ, ನಡುವಿನದು ಹಿತವಾಗುತ್ತದೆ. ಪರಿಚಯ ಹೆಚ್ಚಿದಂತೆ ಜಟಿಲವೇ ಸರಳವಾಗುವುದರಿಂದ ಕಿವಿ ಮತ್ತಷ್ಟು ಜಟಿಲವಾದದ್ದನ್ನು ಬೇಡುತ್ತದೆ.

ನಮ್ಮ ಕಾವ್ಯಮೀಮಾಂಸೆ ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ನೋಡಿತು. ಕಾವ್ಯದ ಸತತ ಪರಿಶೀಲನೆಯಿಂದ ಮನಸ್ಸಿನ ಕನ್ನಡಿ ತಿಳಿಯಾಗಿ, ವಸ್ತುವಿನೊಡನೆ ತನ್ಮಯನಾಗಬಲ್ಲವನೇ ಸಹೃದಯ ಎಂಬುದು ‘ಲೋಚನ’ ವ್ಯಾಖ್ಯಾನದಲ್ಲಿ ಅಭಿನವಗುಪ್ತನ ನಿಲುವು. ಇಲ್ಲಿ ಅಭ್ಯಾಸದಿಂದ ಬದಲಾಗುವವನು ಕೇಳುಗ. ಅವನು ಕೇಳುವ ವಸ್ತು ಬದಲಾಗಲೇಬೇಕೆಂದಿಲ್ಲ. ಮುಂದಿನ ಚರ್ಚೆಗೆ ಈ ವ್ಯತ್ಯಾಸ ಮುಖ್ಯ.

ಮನಸೂರರ ದಾರಿ

ಬಾಲ್ಯದಲ್ಲಿ ನಾಟಕ ಕಂಪನಿ ಸೇರಿದ ಮನಸೂರರು ಮೊದಲು ಕಲಿತದ್ದು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನು. ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಖ್ಯಾಲ್. ಎಚ್‌ಎಂವಿ ಧ್ವನಿಮುದ್ರಿಕೆಗಳಿಂದ ಹೆಸರು ಬಂದ ಮೇಲೂ ಅವರು ಮತ್ತೆ ಶಿಷ್ಯರಾದರು. ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿಖಾನರಲ್ಲಿ ಪಾಠ ಶುರುವಾಯಿತು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಅವರ ತಮ್ಮ ಭುರ್ಜಿಖಾನರಲ್ಲಿ ಮುಂದುವರಿಯಿತು. ಜನಪ್ರಿಯತೆ ಕೈಗೆ ಬಂದಿದ್ದಾಗ ಹೆಚ್ಚು ಕಠಿಣವಾದದ್ದನ್ನು ಬಯಸಿದ ಈ ನಡೆಗೆ ಬರ್ಲಿನ್ ಅವರ ವಿವರಣೆ ಚೆನ್ನಾಗಿಯೇ ಒಪ್ಪುತ್ತದೆ.

ಆ ಕಠಿಣತೆಯ ಸ್ವರೂಪವನ್ನು ಒಂದು ರಾಗದಲ್ಲಿ ಹತ್ತಿರದಿಂದ ನೋಡಬಹುದು. ಮನಸೂರರ ಹೆಸರಿನೊಂದಿಗೆ ಅಂಟಿಕೊಂಡ ಅಪ್ರಚಲಿತ ರಾಗಗಳಲ್ಲಿ ಬಿಹಾಗಡಾ ಒಂದು. ಅದರ ಮೈಯೆಲ್ಲ ಬಿಹಾಗದ್ದೇ. ಆದರೆ ಬಿಹಾಗದಲ್ಲಿರುವುದು ಶುದ್ಧ ನಿಷಾದವಷ್ಟೆ. ಬಿಹಾಗಡಾದಲ್ಲಿ ನಡುವೆ ಕೋಮಲ ನಿಷಾದವೊಂದು ನುಸುಳಿ, ಧೈವತ ಮುಟ್ಟಿ, ಪಂಚಮದಲ್ಲಿ ನಿಲ್ಲುತ್ತದೆ. ಬಿಹಾಗ ಗೊತ್ತಿಲ್ಲದವನಿಗೆ ಇದು ಇಂಪಾದ ಮತ್ತೊಂದು ಸ್ವರ. ಬಿಹಾಗವನ್ನು ವರ್ಷಗಟ್ಟಲೆ ಕೇಳಿದವನಿಗೆ ಮಾತ್ರ ಆ ಕ್ಷಣ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಅವನ ಕಿವಿ ಶುದ್ಧ ನಿಷಾದಕ್ಕೆ ಕಾದಿತ್ತು. ಎಂದರೆ ಬಿಹಾಗಡಾದ ಸುಖ ಬಿಹಾಗದ ನೆನಪಿನಿಂದ ಹುಟ್ಟುತ್ತದೆ. ಹಳೆಯ ರುಚಿಯನ್ನು ಕಳೆದುಕೊಂಡವನಿಗೆ ಹೊಸದು ದಕ್ಕುವುದಿಲ್ಲ. ಮೆಟ್ಟಿಲಿನ ಉಪಮೆ ಮೊದಲು ಸೋಲುವುದು ಇಲ್ಲಿ.

ಅದರ ಎರಡನೆಯ ಸೋಲು ವಚನಗಳ ವಿಷಯದಲ್ಲಿ. ಅಪ್ರಚಲಿತ ರಾಗಗಳ ಗವಾಯಿ ಎಂದು ದೇಶವೇ ಗುರುತಿಸಿದ ಮೇಲೂ ಮನಸೂರರು ಬಸವಣ್ಣ, ಅಕ್ಕಮಹಾದೇವಿಯರ ವಚನಗಳನ್ನು ಹಾಡುವುದು ಬಿಡಲಿಲ್ಲ. ಜಟಿಲತೆಯ ಸೂತ್ರಕ್ಕೆ ಇದು ನಿಲುಕದು. ಬಾಲ್ಯದಿಂದ ಕಿವಿಯಲ್ಲಿದ್ದ ನುಡಿ ಅದೇ, ಅದಕ್ಕೆ ಕಿವಿಗೊಟ್ಟವನು ಬೇರೆಯಾಗಿದ್ದ. ಇಲ್ಲಿ ಅಭಿನವಗುಪ್ತನೇ ನೆರವಿಗೆ ಬರಬೇಕು.

ಗಂಗೂಬಾಯಿಯವರ ದಾರಿ

ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಪಾಠಕ್ಕೆ ಬೆರಕೆಯಾಗಬಾರದೆಂದು ಅವರು ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದ್ದ, ಮರಾಠಿ ನಾಟಕ ಮಂಡಳಿಗಳು ಊರೂರು ಸುತ್ತುತ್ತಿದ್ದ ಮುಂಬಯಿ ಪ್ರಾಂತದ ಈ ಭಾಗದಲ್ಲಿ ಕಿವಿಗಳು ಉತ್ತರಾದಿಯತ್ತ ಹೊರಳುತ್ತಿದ್ದ ಕಾಲವದು. ಒಬ್ಬ ವ್ಯಕ್ತಿಯ ಅಭಿರುಚಿಯ ಹಿಂದೆ ಮನೆಯವರ ತ್ಯಾಗವೂ ಸೀಮೆಯ ಗಾಳಿಯೂ ಇರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಿರಾಣಾ ಘರಾಣೆಯ ಪಾಠ ಪಡೆದ ಗಂಗೂಬಾಯಿ ಆರಂಭದಲ್ಲಿ ಭಜನೆ, ಠುಮರಿಗಳನ್ನೂ ಹಾಡುತ್ತಿದ್ದರು. ಮುಂದೆ ಅವನ್ನು ಬಿಟ್ಟು ಖ್ಯಾಲಿಗೇ ನಿಂತರು. ಮೆಟ್ಟಿಲಿನ ಉಪಮೆಗೆ ಇದು ಪುಷ್ಟಿ ಎಂದು ತೋರಬಹುದು. ಆದರೆ ಅವರು ಅಪರೂಪದ ರಾಗಗಳ ಬೆನ್ನು ಹತ್ತಲಿಲ್ಲ. ಕೇಳುಗರಿಗೆ ಚಿರಪರಿಚಿತವಾದ ದೊಡ್ಡ ರಾಗಗಳಲ್ಲೇ ಒಂದೊಂದು ಸ್ವರಕ್ಕೂ ಜಾಗ ಕೊಟ್ಟು ನಿಧಾನವಾಗಿ ಬಢತ್ ಮಾಡಿದರು. ಹಾಗಾಗಿ ಅವರು ಬಿಟ್ಟದ್ದನ್ನು ಸರಳತೆಯ ತಿರಸ್ಕಾರ ಎನ್ನಲಾಗದು. ಹಿಡಿದದ್ದರಲ್ಲಿ ಹೆಚ್ಚು ಹೊತ್ತು ನಿಲ್ಲುವ ಆಸೆ ಅದು.

ಉಪಸಂಹಾರ

ಒಂದೇ ಸೀಮೆ, ಹೆಚ್ಚುಕಡಿಮೆ ಒಂದೇ ಕಾಲ. ಒಬ್ಬರು ಅಪ್ರಚಲಿತ ರಾಗಗಳನ್ನು ಅರಸುತ್ತ ವಚನವನ್ನು ಉಳಿಸಿಕೊಂಡರು. ಇನ್ನೊಬ್ಬರು ಲಘು ಪ್ರಕಾರಗಳನ್ನು ಬಿಟ್ಟು ಪ್ರಚಲಿತ ರಾಗಗಳಲ್ಲಿ ನೆಲೆನಿಂತರು. ದಾರಿಗಳು ಬೇರೆಯಾದರೂ ಇಬ್ಬರಲ್ಲೂ ವಯಸ್ಸಿನೊಡನೆ ಬೆಳೆದದ್ದು ಕಾಯುವ ಶಕ್ತಿ: ಒಂದು ಸ್ವರಕ್ಕಾಗಿ ಕಿವಿ ಎಷ್ಟು ಹೊತ್ತು ಕಾಯಬಲ್ಲದು ಎಂಬ ತಾಳ್ಮೆ. ಅಭಿರುಚಿಯ ಪಲ್ಲಟವನ್ನು ಪ್ರಕಾರಗಳ ಮೇಲುಕೀಳಿನಿಂದ ಅಳೆಯುವುದಕ್ಕಿಂತ ಈ ತಾಳ್ಮೆಯಿಂದ ಅಳೆಯುವುದು ಹೆಚ್ಚು ಸರಿ. ರಸಗ್ರಹಣ ಶಿಬಿರಗಳನ್ನು ನಡೆಸುವವರು ಹೊಸ ಕೇಳುಗನಿಗೆ ಅವನ ಭಾವಗೀತೆಯನ್ನು ಬಿಡಿಸುವ ಆತುರ ಮಾಡಬಾರದು. ಅವನಿಗೆ ಮೊದಲು ಬಿಹಾಗವನ್ನು ಸಾಕೆನಿಸುವಷ್ಟು ಕೇಳಿಸಲಿ; ಬಿಹಾಗಡಾದ ನಿಷಾದ ಮುಂದೆ ತಾನಾಗಿ ತನ್ನ ಕೆಲಸ ಮಾಡುತ್ತದೆ.