ನಳಿಗೆ ಯಾರದು, ಬದಲಿಸುವ ಕೈ ಯಾರದು? ನಮ್ಮ ಸೀಮೆಯ ಬಂದೂಕಿನ ಕಥೆ

ಮೊಬೈಲ್‌ನಲ್ಲಿ ಬಂದೂಕಿನ ಒಂದು ವಿಡಿಯೊ ನೋಡಿದರೆ ಸಾಕು, ಅಂಥವು ಹತ್ತು ಬಂದು ಬೀಳುತ್ತವೆ. ಅಮೆರಿಕದ ಯಾರೋ ಒಬ್ಬ ಅಡುಗೆಮನೆಯ ಮೇಜಿನ ಮೇಲೆ ಪಂಪ್ ಬಂದೂಕು ಬಿಚ್ಚಿಟ್ಟಿರುತ್ತಾನೆ. ಹಳೆಯ ಕಟ್ಟಿಗೆಯ ಹಿಡಿ ತೆಗೆದು ಪ್ಲಾಸ್ಟಿಕ್ ಹಿಡಿ ಹಾಕುತ್ತಾನೆ, ಮೇಲೆ ಟಾರ್ಚ್ ಕೂರಿಸುತ್ತಾನೆ, ಪಕ್ಕಕ್ಕೆ ತೋಟಾ ಸಿಕ್ಕಿಸುವ ಪಟ್ಟಿ ಕಟ್ಟುತ್ತಾನೆ. ಅರ್ಧ ಗಂಟೆಯಲ್ಲಿ ಹಳೆಯ ಬಂದೂಕು ಹೊಸದರಂತೆ ಕಾಣುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹುಡುಗರೂ ಈ ವಿಡಿಯೊ ನೋಡುತ್ತಾರೆ. ಕೆಲವರ ಮನೆಯಲ್ಲಿ ಅಜ್ಜನ ಕಾಲದ ಲೈಸೆನ್ಸ್ ಬಂದೂಕೂ ಇದೆ. ನಮ್ಮದನ್ನೂ ಹೀಗೆ ಮಾಡಿದರೆ ಹೇಗೆ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ.

ಇದಕ್ಕೆ ಉತ್ತರ ಕಾಯ್ದೆ ಪುಸ್ತಕದಲ್ಲಿದೆ. ಆದರೆ ಆ ಕಾಯ್ದೆ ಯಾಕೆ ಹಾಗಿದೆ ಎಂದು ತಿಳಿಯಬೇಕಾದರೆ ನಮ್ಮದೇ ಜಿಲ್ಲೆಯ ಇತಿಹಾಸಕ್ಕೆ ಹೋಗಬೇಕು. ಆಯುಧ ಮಾಡುವುದು, ತಿದ್ದುವುದು, ಅದಕ್ಕೊಂದು ಭಾಗ ಸೇರಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಹೊಸದಾಗಿದ್ದು ಒಂದೇ: ಆ ಕೆಲಸ ಯಾರ ಕೈಯಲ್ಲಿರಬೇಕು ಎಂಬುದನ್ನು ಸರ್ಕಾರ ತಾನೇ ತೀರ್ಮಾನಿಸಿದ್ದು.

ಹೆಸರು ಕೆತ್ತಿಸಿಕೊಂಡ ತೋಪು

ವಿಜಯಪುರಕ್ಕೆ ಹೋದವರೆಲ್ಲ ಮಲಿಕ್-ಎ-ಮೈದಾನ್ ತೋಪು ನೋಡಿರುತ್ತೀರಿ. ಅದು ಬಿಜಾಪುರದಲ್ಲಿ ಹುಟ್ಟಿದ್ದಲ್ಲ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಿ ಅದನ್ನು ಎರಕ ಹೊಯ್ದ. ಉದ್ದ 14 ಅಡಿಗೂ ಹೆಚ್ಚು, ತೂಕ ಸುಮಾರು 55 ಟನ್. ಬಾಯಿಗೆ ಸಿಂಹದ ಮುಖ, ಅದರ ಹಲ್ಲಿನ ನಡುವೆ ಸಿಕ್ಕ ಆನೆ.

1686ರಲ್ಲಿ ಔರಂಗಜೇಬ ಬಿಜಾಪುರ ಗೆದ್ದ. ಗೆದ್ದ ಮೇಲೆ ಈ ತೋಪಿನ ಮೇಲೆ ತನ್ನ ಗೆಲುವಿನ ಬರಹವನ್ನೂ ಕೆತ್ತಿಸಿದ. ತೋಪು ಅದೇ, ಲೋಹ ಅದೇ. ಆದರೆ ಇದು ಇನ್ನು ಮುಂದೆ ಯಾರದು ಎಂಬುದನ್ನು ಆ ಕೆತ್ತನೆ ಸಾರಿತು. ಆಯುಧವನ್ನು ತಿದ್ದುವವನೇ ಅದರ ಯಜಮಾನ ಎಂಬ ಮಾತು ಅಂದಿಗೇ ಇತ್ತು.

1854ರಲ್ಲಿ ಇದೇ ತೋಪನ್ನು ಬೇಡದ ಸಾಮಾನು ಎಂದು ಬ್ರಿಟಿಷ್ ಅಧಿಕಾರಿಗಳು ಹರಾಜಿಗೆ ಇಟ್ಟರು. ಬಂದ ದೊಡ್ಡ ಸವಾಲು 150 ರೂಪಾಯಿ! ಇದು ತೀರ ಕಡಿಮೆಯಾಯಿತು, ಮಂದಿಗೂ ಈ ತೋಪಿನ ಮೇಲೆ ಅಭಿಮಾನವಿದೆ ಎಂದು ಸ್ಥಳೀಯ ಮಾಮಲೇದಾರರು ವರದಿ ಕಳಿಸಿದ್ದರಿಂದ ಹರಾಜು ನಿಂತಿತು. ಇಲ್ಲದಿದ್ದರೆ ಅದು ಎಂದೋ ಕರಗಿ ಹೋಗಿರುತ್ತಿತ್ತು.

ಊರಿನ ಇನ್ನೊಂದು ಕಡೆ ಉಪ್ಪಲಿ ಬುರುಜಿನ ಮೇಲೆ ಮಲಗಿರುವ ಕಬ್ಬಿಣದ ಉದ್ದ ತೋಪುಗಳನ್ನು ಹತ್ತಿರದಿಂದ ನೋಡಿ. ಅವು ಎರಕದವಲ್ಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಮೇಲೆ ಬಳೆಗಳನ್ನು ಏರಿಸಿ ಬಿಗಿದವು. ಚಕ್ಕಡಿಯ ಗಾಲಿಗೆ ಕಾದ ಕಬ್ಬಿಣದ ಹಳಿ ಏರಿಸಿ ನೀರು ಹೊಯ್ಯುವುದನ್ನು ನೋಡಿದವರಿಗೆ ಈ ಕೆಲಸದ ಗುಟ್ಟು ಬೇಗ ತಿಳಿಯುತ್ತದೆ. ಕಾದ ಬಳೆ ತಣ್ಣಗಾದಾಗ ಕುಗ್ಗಿ ಬಿಗಿಯಾಗುತ್ತದೆ. ಗಾಲಿಯ ಹಳಿಗೂ ತೋಪಿನ ಬಳೆಗೂ ಬೇಕಾದ ತಿಳಿವಳಿಕೆ ಒಂದೇ.

ತಾಮ್ರದ ದುಡ್ಡು ತುಂಬಿದ ದಿನ

1565ರ ಜನವರಿಯ ಯುದ್ಧವನ್ನು ಹೊರಗಿನವರು ತಾಳಿಕೋಟೆ ಕದನ ಅನ್ನುತ್ತಾರೆ. ನಾವು ರಕ್ಕಸಗಿ-ತಂಗಡಗಿ ಕದನ ಅನ್ನುತ್ತೇವೆ. ರಕ್ಕಸಗಿ, ತಂಗಡಗಿ ಎರಡೂ ಮುದ್ದೇಬಿಹಾಳದ ಕಡೆಯ ಹಳ್ಳಿಗಳು.

ಮುಂದೆ ಬಿಜಾಪುರದ ಆದಿಲ್‌ಶಾಹಿ ದರಬಾರಿನಲ್ಲಿದ್ದು ಇತಿಹಾಸ ಬರೆದ ಫೆರಿಸ್ತಾ, ಈ ಯುದ್ಧದ ಒಂದು ಸಂಗತಿ ಹೇಳುತ್ತಾನೆ. ವಿಜಯನಗರದ ಸೈನ್ಯ ತೀರ ಹತ್ತಿರ ಬಂದಾಗ ಸುಲ್ತಾನರ ಕಡೆಯ ತೋಪಿನವರು ದೊಡ್ಡ ಗುಂಡು ಬಿಟ್ಟು, ತಾಮ್ರದ ದುಡ್ಡಿನ ಚೀಲಗಳನ್ನು ತುಂಬಿ ಹಾರಿಸಿದರಂತೆ. ಒಂದೇ ಗುಂಡು ಒಂದೇ ಕಡೆ ಹೋಗುತ್ತದೆ. ಚೀಲದ ದುಡ್ಡು ಬಾಯಿಂದ ಹೊರಬಿದ್ದೊಡನೆ ಚದುರುತ್ತದೆ.

ಇಂದಿನ 12 ಬೋರ್ ಬಂದೂಕಿನ ಛರ್ರೆ ತೋಟಾ ಮಾಡುವುದೂ ಇದನ್ನೇ. (12 ಬೋರ್ ಅಂದರೆ ಏನು ಎಂದು ಹಲವರು ಕೇಳುತ್ತಾರೆ. ಆ ನಳಿಗೆಯ ಅಳತೆಗೆ ಸರಿಯಾದ ಸೀಸದ ಗುಂಡುಗಳನ್ನು ಮಾಡಿದರೆ 12 ಗುಂಡು ಸೇರಿ ಒಂದು ಪೌಂಡ್ ತೂಗುತ್ತವೆ. ಅಷ್ಟೇ ಲೆಕ್ಕ.) ಆಯುಧವನ್ನು ಬದಲಿಸಲು ಯಾವಾಗಲೂ ನಳಿಗೆಯನ್ನೇ ಮುಟ್ಟಬೇಕೆಂದಿಲ್ಲ. ಒಳಗೆ ತುಂಬುವುದನ್ನು ಬದಲಿಸಿದರೂ ಸಾಕು.

ಹಲಗಲಿ: ಆಯುಧ ಕೇಳಿದ ಸರ್ಕಾರ

ಆಮೇಲಿನ ಮುನ್ನೂರು ವರ್ಷ ನಮ್ಮ ಕಡೆ ನಡೆದದ್ದು ಬತ್ತಿ ಬಂದೂಕು. ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಸಲಾಕಿಯಿಂದ ಜಡಿದು, ಉರಿಯುವ ಬತ್ತಿಯಿಂದ ಕಿಡಿ ಮುಟ್ಟಿಸುವುದು. ಇದರಲ್ಲಿ ಸ್ಥಳೀಯ ಕೈಗೆ ನಿಲುಕದ ಭಾಗ ಕಡಿಮೆ. ಕಟ್ಟಿಗೆ ಒಡೆದರೆ ಬಡಿಗೇರ, ಕಬ್ಬಿಣ ಸವೆದರೆ ಕಮ್ಮಾರ.

1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಾಗ ಕಂಪನಿ ಸರ್ಕಾರ ಆಯುಧಗಳ ಮೇಲೆ ಕಾಯ್ದೆ ತಂದಿತು. ಮಂದಿ ತಮ್ಮ ಆಯುಧ ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದರೆ ಪರವಾನಗಿ ಪಡೆಯಬೇಕು ಎಂಬ ಹುಕುಂ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧವೆಂದರೆ ಬೇಟೆ, ಕಾವಲು, ಮರ್ಯಾದೆ. ಅದನ್ನು ಕೊಟ್ಟರೆ ಬದುಕನ್ನೇ ಕೊಟ್ಟಂತೆ.

ನವೆಂಬರ್ ಕೊನೆಯಲ್ಲಿ ಇಂಗ್ಲಿಷ್ ದಂಡು ಹಲಗಲಿಯ ಮೇಲೆ ಬಿತ್ತು. ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಈ ಕಥೆ ಲಾವಣಿಯಾಗಿ ಉಳಿಯಿತು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅದನ್ನು ಬರೆದುಕೊಂಡು ಪ್ರಕಟಿಸಿದ. ಹತ್ತನೇ ತರಗತಿಯ ಪಾಠದಲ್ಲಿ ಓದಿದವರಿಗೆ ಹಲಗಲಿ ನೆನಪಿರುತ್ತದೆ.

1878ರಲ್ಲಿ ಇನ್ನೂ ಬಿಗಿಯಾದ ಆಯುಧ ಕಾಯ್ದೆ ಬಂತು. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಈ ತಾರತಮ್ಯಕ್ಕೆ ನಮ್ಮ ಹಿರಿಯರು ಸಿಟ್ಟಾಗಿದ್ದು ಸರಿಯೇ. ಆ ಕಾಯ್ದೆ ಬಂದೂಕನ್ನಷ್ಟೇ ಅಲ್ಲ, ಬಂದೂಕು ಮಾಡುವ ಕೆಲಸವನ್ನೂ ಲೈಸೆನ್ಸಿಗೆ ಕಟ್ಟಿತು. ಕುಲುಮೆಯಲ್ಲಿ ಕುಡಗೋಲು, ಕುಂಟೆ, ನೇಗಿಲ ಗುಳ ಉಳಿದವು.

ಪಂಪ್ ಬಂದೂಕು ಬಂದ ದಾರಿ

ನಮ್ಮಲ್ಲಿ ಹೀಗೆ ಬಾಗಿಲು ಮುಚ್ಚುತ್ತಿದ್ದಾಗ ಅಮೆರಿಕದಲ್ಲಿ ಹೊಸ ಬಂದೂಕು ಹುಟ್ಟುತ್ತಿತ್ತು. ಮುಂಗೈ ಹಿಡಿಯುವ ಭಾಗವನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಬೀಳಬೇಕು, ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಕೂರಬೇಕು. ಇದೇ ಪಂಪ್ ಬಂದೂಕು. 1882ರ ಸ್ಪೆನ್ಸರ್, ಆಮೇಲೆ ಜಾನ್ ಬ್ರೌನಿಂಗ್ ರೂಪಿಸಿದ 1897ರ ವಿಂಚೆಸ್ಟರ್ ಇದನ್ನು ಹೆಸರುವಾಸಿ ಮಾಡಿದವು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅಮೆರಿಕದ ಸೈನಿಕರು ಇದನ್ನು ಬಳಸಿದಾಗ 1918ರಲ್ಲಿ ಜರ್ಮನಿ ಪ್ರತಿಭಟಿಸಿತ್ತು. 1950ರಲ್ಲಿ ಬಂದ ರೆಮಿಂಗ್ಟನ್ 870 ಒಂದು ಕೋಟಿಗೂ ಹೆಚ್ಚು ತಯಾರಾಯಿತು. ಒಂದೇ ಮಾದರಿ ಅಷ್ಟು ಮನೆಗಳಲ್ಲಿದ್ದರೆ ಅದಕ್ಕೆ ಬಿಡಿಭಾಗ ಮಾರುವ ಅಂಗಡಿಗಳೂ ಹುಟ್ಟುತ್ತವೆ. ನಾವು ನೋಡುವ ವಿಡಿಯೊಗಳ ಮೂಲ ಇದು.

ಆದರೆ ಆ ವಿಡಿಯೊದವರು ಹೇಳದ ಮಾತೊಂದಿದೆ. ಬಂದೂಕಿನ ವಿಷಯದಲ್ಲಿ ಅಷ್ಟು ಸಡಿಲವಾದ ಅಮೆರಿಕವೂ 1934ರಲ್ಲೇ ಕಾಯ್ದೆ ಮಾಡಿ, 18 ಇಂಚಿಗಿಂತ ಗಿಡ್ಡ ನಳಿಗೆಯ ಇಂಥ ಬಂದೂಕನ್ನೂ ಸದ್ದಡಗಿಸುವ ಸೈಲೆನ್ಸರನ್ನೂ ನೋಂದಣಿ ಮತ್ತು ತೆರಿಗೆಯ ಬಲೆಗೆ ತಂದಿತು. ಉದ್ದ ಬಂದೂಕು ಕಣ್ಣಿಗೆ ಕಾಣುತ್ತದೆ. ಗಿಡ್ಡದ್ದು ಅಂಗಿಯೊಳಗೆ ಅಡಗುತ್ತದೆ. ಭಯ ಇರುವುದು ಅಲ್ಲಿ.

ಭಾರತದಲ್ಲೂ 12 ಬೋರ್ ಪಂಪ್ ಬಂದೂಕು ತಯಾರಾಗುತ್ತದೆ, ಪಶ್ಚಿಮ ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆಯಲ್ಲಿ. ಅದಕ್ಕೆ ಹೊಸ ಭಾಗ ಜೋಡಿಸಿದ ದೊಡ್ಡ ಉದಾಹರಣೆಯೂ ಸರ್ಕಾರದ್ದೇ. ಕಾಶ್ಮೀರದಲ್ಲಿ ಗುಂಪು ಚದುರಿಸಲು 2010ರಿಂದ ಪಂಪ್ ಬಂದೂಕಿನಲ್ಲಿ ಪೆಲೆಟ್ ಹಾರಿಸತೊಡಗಿದರು. ಎಷ್ಟೋ ಮಂದಿಯ ಕಣ್ಣು ಹೋದವು. ದೇಶದಾದ್ಯಂತ ಟೀಕೆ ಬಂದ ಮೇಲೆ, ಪೆಲೆಟ್ ಸೊಂಟದ ಮೇಲಕ್ಕೆ ಹಾರದಂತೆ ನಳಿಗೆಯ ತುದಿಗೆ ಡಿಫ್ಲೆಕ್ಟರ್ ಜೋಡಿಸಿರುವುದಾಗಿ 2017ರಲ್ಲಿ ಸಿಆರ್‌ಪಿಎಫ್ ಹೇಳಿತು. ನಳಿಗೆಯ ತುದಿಯ ಒಂದು ತುಣುಕು ಒಬ್ಬನ ಕಣ್ಣಿನ ಪ್ರಶ್ನೆಯಾಗಬಲ್ಲದು. ಬಂದೂಕಿನ ಬಿಡಿಭಾಗ ಬರೀ ಶೋಕಿಯ ಮಾತಲ್ಲ.

ಈಗಿನ ಕಾಯ್ದೆ ಏನು ಹೇಳುತ್ತದೆ

ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಆಯುಧ ಕಾಯ್ದೆ ಮಾಡಿತು. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. 2019ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಮನೆಯಲ್ಲಿ ಬಂದೂಕು ಇರುವವರು ಇಷ್ಟಾದರೂ ತಿಳಿದಿರಬೇಕು.

ಒಂದು, ಆಯುಧ ಎಂದರೆ ಇಡೀ ಬಂದೂಕು ಮಾತ್ರವಲ್ಲ. ಅದರ ಭಾಗಗಳೂ ಆಯುಧವೇ. ಸದ್ದು ಅಥವಾ ಬೆಂಕಿಯ ಮಿಂಚು ಕಡಿಮೆ ಮಾಡುವ ಸಾಧನ ಒಂದೇ ಇದ್ದರೂ ಕಾಯ್ದೆಯ ಕಣ್ಣಲ್ಲಿ ಅದು ಬಂದೂಕೇ. ಹೊಲಮನೆಯ ಕೆಲಸಕ್ಕಷ್ಟೇ ಮಾಡಿದ ಸಾಮಾನು ಇದರಲ್ಲಿ ಬರುವುದಿಲ್ಲ.

ಎರಡು, ಬಂದೂಕು ತಯಾರಿಸುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು ಈ ಎಲ್ಲ ಕೆಲಸಕ್ಕೂ ಬೇರೆ ಲೈಸೆನ್ಸ್ ಬೇಕು. ನಿಮ್ಮ ಕೈಯಲ್ಲಿರುವುದು ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್. ಅದು ಊರ ವೆಲ್ಡಿಂಗ್ ಅಂಗಡಿಯವನಿಗೆ ಬಂದೂಕು ತಿದ್ದುವ ಹಕ್ಕು ಕೊಡುವುದಿಲ್ಲ.

ಮೂರು, ನಳಿಗೆ ಗಿಡ್ಡ ಮಾಡುವುದು, ಆಟಿಕೆ ಬಂದೂಕನ್ನು ನಿಜ ಬಂದೂಕು ಮಾಡುವುದು, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದು ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ. ಕೊನೆಯದನ್ನು ಸೇರಿಸಿದ್ದು 2019ರಲ್ಲಿ. ಶಿಕ್ಷೆಯೂ ಆಗಲೇ ಏರಿತು: ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ.

ನಾಲ್ಕು, ಬಂದೂಕಿನ ಮೇಲೆ ಒತ್ತಿದ ನಂಬರು, ಹೆಸರು ಉಜ್ಜಿ ಅಳಿಸುವಂತಿಲ್ಲ. ಪಾಲಿಶ್ ಮಾಡಿಸುವಾಗ ಇದರ ಮೇಲೆ ಗಮನವಿರಲಿ.

ಐದು, ಒಬ್ಬರಿಗೆ ಮೊದಲು ಮೂರು ಬಂದೂಕಿಗೆ ಅವಕಾಶವಿತ್ತು, ಈಗ ಎರಡಕ್ಕೆ ಮಾತ್ರ.

"ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ?" ಎಂದು ಕೇಳುವವರಿದ್ದಾರೆ. ಬ್ರಿಟಿಷರ ಕಾಲದಿಂದ ಬಂದ ಆ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದ್ದು ನಿಜ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವುದು. ನಳಿಗೆ ಕತ್ತರಿಸಲು ಕೊಟ್ಟ ರಹದಾರಿ ಅಲ್ಲ.

ಭೀಮೆಯ ದಂಡೆಯ ನೆರಳು

ಇಂಡಿ, ಸಿಂದಗಿಯ ಹುಡುಗರು ಹೊರಗೆ ಕೆಲಸಕ್ಕೆ ಹೋದಾಗ ಊರ ಹೆಸರು ಹೇಳಿದರೆ ಎದುರಿನವರು "ಭೀಮಾ ತೀರದವರಾ?" ಎಂದು ಹುಬ್ಬೇರಿಸುತ್ತಾರೆ. ಸಿನಿಮಾ, ಟಿವಿ ಸೇರಿ ಕಟ್ಟಿದ ಹೆಸರು ಅದು. ದ್ವೇಷದ ಕೊಲೆಗಳು ಆಗಿದ್ದು, ಕಂಟ್ರಿ ಪಿಸ್ತೂಲು ಸಿಕ್ಕಿದ್ದು ಸುಳ್ಳಲ್ಲ. ಆದರೆ ದಾಳಿಂಬೆ, ನಿಂಬೆ, ತೊಗರಿ ಬೆಳೆದು ಬದುಕುವ ಲಕ್ಷ ಮಂದಿಯ ಮೇಲೆ ಆ ಹೆಸರು ಬಿದ್ದಿದೆ. ನಂಬರಿಲ್ಲದ ಒಂದೊಂದು ಪಿಸ್ತೂಲೂ ಆ ಹೆಸರಿಗೆ ಇನ್ನೊಂದು ಮೊಳೆ ಜಡಿಯುತ್ತದೆ. ಅದನ್ನು ಮಾಡಿದವನು ಎಲ್ಲೋ ಇರುತ್ತಾನೆ, ಜೈಲಿಗೆ ಹೋಗುವವನು ನಮ್ಮ ಓಣಿಯ ಹುಡುಗ.

ರೈತರ ಕಷ್ಟ ಬೇರೆ. ಕಾಡುಹಂದಿ ರಾತ್ರೋರಾತ್ರಿ ಬೆಳೆ ಕೆಡವುತ್ತದೆ, ಚಿಗರಿ ಹಿಂಡು ಹೊಲಕ್ಕೆ ಇಳಿಯುತ್ತದೆ. ಬೆಳೆ ರಕ್ಷಣೆಗೆಂದೇ ಲೈಸೆನ್ಸ್ ಪಡೆದಿದ್ದರೂ 1972ರ ವನ್ಯಜೀವಿ ಕಾಯ್ದೆ ಬೇರೆಯಾಗಿ ನಿಂತಿದೆ. ಚಿಗರಿ ಅಂದರೆ ಕೃಷ್ಣಮೃಗ ಆ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಬಂದೂಕಿಗೆ ಟಾರ್ಚ್ ಕಟ್ಟಿಕೊಂಡು ರಾತ್ರಿ ಹೊಲಕ್ಕೆ ಹೋದವನು ಎರಡು ಕಾಯ್ದೆಗೆ ಒಟ್ಟಿಗೆ ಸಿಕ್ಕಿಬೀಳಬಹುದು. ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕುವುದು ನಿಧಾನದ ದಾರಿ. ಆದರೆ ಮನೆ ಉಳಿಸುವ ದಾರಿ.

ಅಜ್ಜನ ಬಂದೂಕಿನ ಕಟ್ಟಿಗೆ ಒಡೆದಿದ್ದರೆ, ಕೀಲು ಸಡಿಲಾಗಿದ್ದರೆ ಲೈಸೆನ್ಸ್ ಪುಸ್ತಕ ಸಹಿತ ಪರವಾನಗಿ ಇರುವ ಬಂದೂಕಿನ ಅಂಗಡಿಗೇ ಒಯ್ಯಿರಿ, ರಸೀದಿ ಇಟ್ಟುಕೊಳ್ಳಿರಿ. ಅಜ್ಜ ತೀರಿಕೊಂಡಿದ್ದರೆ ಬಂದೂಕು ಅಟ್ಟದ ಮೇಲೆ ಬಿಡಬೇಡಿ. ಠಾಣೆಗೆ ತಿಳಿಸಿ, ಹೆಸರು ಬದಲಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಎಂದರೆ ಒಪ್ಪಿಸಿ, ಚೀಟಿ ಪಡೆಯಿರಿ.

ಹಲಗಲಿಯವರು ಆಯುಧ ಕೊಡಲೊಲ್ಲೆ ಅಂದದ್ದು ಪರರ ಸರ್ಕಾರಕ್ಕೆ, ಊರೆಲ್ಲ ಒಂದಾಗಿ, ಹಗಲಿನಲ್ಲಿ. ಕದ್ದು ನಳಿಗೆ ಕತ್ತರಿಸಿ ಅಂಗಿಯೊಳಗೆ ಇಟ್ಟುಕೊಳ್ಳುವವನು ತನ್ನನ್ನು ಅವರ ವಾರಸುದಾರ ಎಂದು ಹೇಳಿಕೊಳ್ಳಬಾರದು. ಅವನ ಗುಂಡು ಹೋಗುವುದು ಯಾವ ಸರ್ಕಾರದ ಕಡೆಗೂ ಅಲ್ಲ, ಪಕ್ಕದ ಮನೆಯ ಕಡೆಗೆ.