ಅಯೋಡೋಫೋರ್

ಅಯೋಡಿನ್ನನ್ನು ಪಾಲಿಮರಿನಂಥ ವಾಹಕವೊಂದು ಸಡಿಲವಾಗಿ ಹಿಡಿದಿಟ್ಟುಕೊಂಡು ಕ್ರಮೇಣ ಬಿಟ್ಟುಕೊಡುವ ಸೂಕ್ಷ್ಮಜೀವಿನಾಶಕ ಸಂಕೀರ್ಣ. ಶಸ್ತ್ರಚಿಕಿತ್ಸೆಗೆ ಮೊದಲು ಚರ್ಮಕ್ಕೆ ಹಚ್ಚುವ ಕಂದುಬಣ್ಣದ ಪೊವಿಡೋನ್-ಅಯೋಡಿನ್ ಈ ವರ್ಗದ್ದು.

ಹಿನ್ನೆಲೆ: ಫ್ರಾನ್ಸಿನ ಬರ್ನಾರ್ ಕೂರ್ತ್ವಾ 1811ರಲ್ಲಿ ಕಡಲಕಳೆಯ ಬೂದಿಯಿಂದ ಅಯೋಡಿನ್ ಪಡೆದರು. ಒಂದು ಲೀಟರ್ ನೀರಿನಲ್ಲಿ ಅದು ಸುಮಾರು 0.3 ಗ್ರಾಂ ಮಾತ್ರ ಕರಗುತ್ತದೆ, ತೆರೆದಿಟ್ಟರೆ ಆವಿಯಾಗುತ್ತದೆ. ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದರೆ ಟ್ರೈಅಯೋಡೈಡ್ ಅಯಾನು ಉಂಟಾಗಿ ಕರಗುವಿಕೆ ಹೆಚ್ಚುತ್ತದೆ. 1829ರ ಲ್ಯೂಗಾಲ್ ದ್ರಾವಣಕ್ಕೆ ಇದೇ ಆಧಾರ. ಮದ್ಯಸಾರದಲ್ಲಿ ಕರಗಿಸಿದ ಟಿಂಚರನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಚರ್ಮಕ್ಕೆ ಹಚ್ಚುವ ಕ್ರಮವನ್ನು 1908ರಲ್ಲಿ ಅಂಟೋನಿಯೊ ಗ್ರೋಸಿಚ್ ಪ್ರಚಾರಕ್ಕೆ ತಂದರು. ಆದರೆ ಟಿಂಚರ್ ಗಾಯವನ್ನು ಉರಿಸುತ್ತಿತ್ತು, ಚರ್ಮವನ್ನು ಕೆರಳಿಸುತ್ತಿತ್ತು.

ಪೊವಿಡೋನ್-ಅಯೋಡಿನ್: 1955ರಲ್ಲಿ ಫಿಲಡೆಲ್ಫಿಯಾದ ಶೆಲಾನ್‌ಸ್ಕಿದ್ವಯರು ಅಯೋಡಿನ್ನನ್ನು ಪಾಲಿವಿನೈಲ್‌ಪಿರೋಲಿಡೋನ್‌ಗೆ ಬಂಧಿಸಿದರು. ಉರಿ ತಗ್ಗಿತು, ಕ್ರಿಮಿನಾಶಕ ಗುಣ ಉಳಿಯಿತು. ಅಯೋಡಿನ್ ಇದರಲ್ಲಿ ಬಹುಪಾಲು ಟ್ರೈಅಯೋಡೈಡ್ ರೂಪದಲ್ಲಿದೆಯೆಂದೂ, ಎರಡು ಪಿರೋಲಿಡೋನ್ ಘಟಕಗಳು ಹಂಚಿಕೊಂಡ ಪ್ರೋಟಾನು ಅದನ್ನು ಹಿಡಿದಿಡುತ್ತದೆಂದೂ 1979ರಲ್ಲಿ ಶೆಂಕ್ ಮತ್ತು ಸಂಗಡಿಗರು ತೋರಿಸಿದರು.

ಸಾಂದ್ರತೆಯ ಗೊಂದಲ: 10% ದ್ರಾವಣದಲ್ಲಿರುವ ‘ಲಭ್ಯ ಅಯೋಡಿನ್’ ಸುಮಾರು 1%. ಥಯೋಸಲ್ಫೇಟಿನಿಂದ ಅಳೆಯುವ ಈ ಅಂಕಿ ಒಟ್ಟು ದಾಸ್ತಾನನ್ನು ಹೇಳುತ್ತದೆ. ಜೀವಾಣುವನ್ನು ಕೊಲ್ಲುವುದು ಬಂಧನದಿಂದ ಬಿಡಿಸಿಕೊಂಡ ಮುಕ್ತ ಅಯೋಡಿನ್. ಅದು ಅದೇ ದ್ರಾವಣದಲ್ಲಿ ಹತ್ತು ಲಕ್ಷಕ್ಕೆ ಒಂದೆರಡು ಭಾಗದಷ್ಟೇ. ಹಲವು ಬರವಣಿಗೆಗಳು ಇವೆರಡನ್ನು ಒಂದೆಂದು ಎಣಿಸಿದ್ದರಿಂದ ದ್ರಾವಣ ಗಾಢವಾದಷ್ಟೂ ಪ್ರಬಲ ಎಂಬ ನಂಬಿಕೆ ಬೆಳೆಯಿತು. ಆ ನಂಬಿಕೆಯನ್ನು ಅಲುಗಿಸಿದ್ದು ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ನಡೆದ ಪ್ರಕರಣ. ರೋಗಿಗಳ ರಕ್ತದ ಮಾದರಿಗಳಲ್ಲಿ ಕಂಡ ಸ್ಯೂಡೋಮೊನಾಸ್ ಸಿಪೇಸಿಯಾ ಬ್ಯಾಕ್ಟೀರಿಯಾದ ಮೂಲ ಪೊವಿಡೋನ್-ಅಯೋಡಿನ್ ದ್ರಾವಣವೇ ಆಗಿತ್ತು. 1982ರಲ್ಲಿ ಬರ್ಕಲ್‌ಮನ್ ಮತ್ತು ಸಹೋದ್ಯೋಗಿಗಳು, ನೀರು ಬೆರೆಸಿದ ದ್ರಾವಣ ಮೂಲ ದ್ರಾವಣಕ್ಕಿಂತ ಬೇಗ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆಂದು ಪ್ರಯೋಗದಿಂದ ಸಾಬೀತುಪಡಿಸಿದರು. ನೀರು ಬೆರೆತಾಗ ಪಾಲಿಮರಿನ ಹಿಡಿತ ಸಡಿಲಗೊಂಡು ಮುಕ್ತ ಅಯೋಡಿನ್ ಏರುತ್ತದೆ. ಸುಮಾರು ನೂರು ಪಟ್ಟು ತೆಳುಗೊಳಿಸಿದಲ್ಲಿ ಗರಿಷ್ಠ ಮಟ್ಟ ಮುಟ್ಟಿ ಮತ್ತೆ ಇಳಿಯುತ್ತದೆ. ಆದರೆ ತೆಳುವಾದ ದ್ರಾವಣದ ದಾಸ್ತಾನು ಚಿಕ್ಕದು. ರಕ್ತ, ಕೀವು ತಗುಲಿದರೆ ಬೇಗ ಮುಗಿದುಹೋಗುತ್ತದೆ. ಹೀಗಾಗಿ ಗಾಯಕ್ಕೆ ಗಾಢ ದ್ರಾವಣದ ಬಳಕೆ ಮುಂದುವರಿದಿದೆ.

ಇತರ ವಾಹಕಗಳು: 1970ರ ದಶಕದಲ್ಲಿ ಅಮೆರಿಕದ ಕ್ಯಾನ್ಸಾಸಿನಲ್ಲಿ ರೂಪುಗೊಂಡ ಟ್ರೈಅಯೋಡೈಡ್ ರಾಳ ಕುಡಿಯುವ ನೀರಿನ ಶುದ್ಧೀಕರಣಕ್ಕೆ ಬಂತು, ಬಾಹ್ಯಾಕಾಶ ನೌಕೆಗಳಲ್ಲೂ ಅಯೋಡಿನ್ ರಾಳ ಬಳಕೆಯಾಯಿತು. ಪಿಷ್ಟಮೂಲದ ಕ್ಯಾಡೆಕ್ಸೋಮರ್-ಅಯೋಡಿನ್ ಗಾಯದ ದ್ರವ ಹೀರಿ ಉಬ್ಬುತ್ತ ಅಯೋಡಿನ್ ಬಿಡುತ್ತದೆ. ಮಾಯದ ಹುಣ್ಣುಗಳಿಗೆ ಇದನ್ನು ಹಚ್ಚುತ್ತಾರೆ. ಇಂಥ ವಸ್ತುಗಳನ್ನು ಹೋಲಿಸುವಾಗ ಒಟ್ಟು ಅಯೋಡಿನ್ ಜೊತೆಗೆ ಅದು ಬಿಡುಗಡೆಯಾಗುವ ವೇಗವನ್ನೂ ಅಳೆಯಬೇಕಾಗುತ್ತದೆ.